ಹಾಲು, ಗೋಧಿ, ನಿಂಬೆಹಣ್ಣು

ನನ್ನ ಜಾಗಕ್ಕೆ ಬಂದಿರುವ ಹುಡುಗಿ ಹೋದ ವಾರ ಫೋನ್ ಮಾಡಿದ್ದಳು. ಹೊಸ ಕೆಲಸ, ಹೊಸ ಹುರುಪು, ಹೊಸ ಸ್ಕೂಟಿ. ಯಾವುದೋ ಊರಲ್ಲಿ ಆಟಿಸಂ ಇರುವ ಮಗುವಿನ ತಂದೆ ತಾಯಿ ಅವಳನ್ನು ಕೂರಿಸಿಕೊಂಡು ಕೇಳಿದರಂತೆ: ಹಾಲು, ಗೋಧಿ ಬಿಡಿಸಿದರೆ ಮಗುವಿಗೆ ಮಾತು ಬರುತ್ತದಂತೆ, ಜೊತೆಗೆ ಒಂದು ಪುಡಿಯೂ ಇದೆಯಂತೆ, ಶುರು ಮಾಡೋಣವೋ ಬೇಡವೋ ಎಂದು. ಏನು ಹೇಳಲಿ ಮೇಡಂ ಎಂದಳು. ಗೊತ್ತಿಲ್ಲ ಕಣಮ್ಮಾ ಎಂದೆ. ಅವಳು ನಕ್ಕಳು. ಇಪ್ಪತ್ತೇಳು ವರ್ಷ ಇದೇ ಕೆಲಸ ಮಾಡಿದವಳು ಗೊತ್ತಿಲ್ಲ ಎಂದರೆ ತಮಾಷೆ ಎಂದೇ ಅಂದುಕೊಳ್ಳುತ್ತಾರೆ. ಫೋನ್ ಇಟ್ಟ ಮೇಲೆ ನನಗೆ ಸಮಾಧಾನವಾಗಲಿಲ್ಲ. ಗೊತ್ತಿಲ್ಲ ಎನ್ನುವುದನ್ನಾದರೂ ಸರಿಯಾಗಿ ಬರೆದಿಡೋಣ ಎಂದು ಕೂತಿದ್ದೇನೆ.

ನಮ್ಮ ಹುದ್ದೆಗೆ ಕಾಗದದ ಮೇಲೆ ಉದ್ದನೆಯ ಹೆಸರಿದೆ. ಊರಿನ ಜನ ಮಾತ್ರ ನನ್ನನ್ನು ‘ಶಾಲೆಗೆ ಬರಲಾರದ ಮಕ್ಕಳ ಟೀಚರ್’ ಎನ್ನುತ್ತಿದ್ದರು. ಅದೇ ಸರಿಯಾದ ಹೆಸರು. ಮಗು ಶಾಲೆಗೆ ಬರಲಾಗದಿದ್ದರೆ ನಾವು ಮಗುವಿನ ಮನೆಗೆ ಹೋಗಬೇಕು. ಚೀಲದಲ್ಲಿ ಮಣಿ, ಬಣ್ಣದ ಚೆಂಡು, ಚಿತ್ರದ ಕಾರ್ಡು. ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು, ನಡುವೆ ಎರಡೋ ಮೂರೋ ಮನೆ. ಬಡ್ತಿ ಯಾವಾಗ ಬಂತು, ಆದೇಶ ಯಾವಾಗ ಕೈ ಸೇರಿತು ಎಂಬುದನ್ನೆಲ್ಲ ಬಿಡುತ್ತೇನೆ. ಅದು ನನಗೇ ಬೇಸರ.

ಮೊದಲು ಹಾಕಿದ್ದು ಜಗಳೂರಿಗೆ. ಆಗ ಆಟಿಸಂ ಎಂಬ ಪದ ನನಗೇ ಸರಿಯಾಗಿ ತಿಳಿದಿರಲಿಲ್ಲ. ನಮೂನೆಯಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ. ಬುದ್ಧಿಮಾಂದ್ಯ ಎಂದಿದ್ದ ಕಡೆ ಟಿಕ್ ಹಾಕಿ ಎದ್ದು ಬರುತ್ತಿದ್ದೆ. ಎಷ್ಟು ಮಕ್ಕಳಿಗೆ ಹಾಗೆ ಟಿಕ್ ಹಾಕಿದೆನೋ, ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಅಲ್ಲಿ ಒಂದು ಮನೆಯ ಮಗುವಿಗೆ ಐದು ವರ್ಷವಾದರೂ ಮಾತಿರಲಿಲ್ಲ. ಅದರ ಅಜ್ಜ ದಿನಾ ಬೆಳಿಗ್ಗೆ ಬಜೆ ಬೇರನ್ನು ತೇಯ್ದು, ಜೇನಿನಲ್ಲಿ ಕಲಸಿ, ಮಗುವಿನ ನಾಲಿಗೆಗೆ ಹಚ್ಚುತ್ತಿದ್ದ. ಬಜೆ ನೆಕ್ಕಿಸಿದರೆ ಮಾತು ಬರುತ್ತದೆ ಎಂಬುದು ನಮ್ಮ ಕಡೆ ಎಲ್ಲರ ಬಾಯಲ್ಲೂ ಇರುವ ಮಾತು. ನಾನು ಆಗಷ್ಟೇ ತರಬೇತಿ ಮುಗಿಸಿದವಳು, ಮೂಗಿನ ತುದಿಯಲ್ಲೇ ಸಿಟ್ಟು. ಮೂಢನಂಬಿಕೆ, ನಿಲ್ಲಿಸಿ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದೆ. ಮುಂದಿನ ಸಲ ಹೋದಾಗ ಅಜ್ಜ ಬಾಗಿಲಲ್ಲೇ ನಿಂತು, ನಿಲ್ಲಿಸಿಬಿಟ್ಟಿದ್ದೇವೆ ಎಂದ. ಮಗುವಿನ ಬಾಯಿಂದ ಬಜೆಯ ಘಾಟು ಗಮ್ಮೆಂದು ಬರುತ್ತಿತ್ತು. ಬಜೆ ನಿಂತಿರಲಿಲ್ಲ, ನನಗೆ ನಿಜ ಹೇಳುವುದು ನಿಂತಿತ್ತು. ಅದು ನನ್ನ ತಲೆಗೆ ಹೋಗುವುದಕ್ಕೆ ಇನ್ನೂ ಇಪ್ಪತ್ತು ವರ್ಷ ಬೇಕಾಯಿತು.

ಹೊನ್ನಾಳಿಗೆ ಬಂದ ಮೇಲೆ ನಾನೇ ಒಂದು ಪದ್ಧತಿ ಮಾಡಿದೆ. ಮನೆಮನೆಗೂ ಒಂದು ನೋಟ್‌ಬುಕ್ ಕೊಟ್ಟೆ. ಮಗುವಿಗೆ ದಿನವೂ ಏನೇನು ಮಾಡಿಸಿದಿರಿ, ಏನು ತಿನ್ನಿಸಿದಿರಿ ಎಂದು ಗೆರೆ ಎಳೆದ ಕಾಲಂಗಳಲ್ಲಿ ತಾಯಂದಿರು ಟಿಕ್ ಹಾಕಬೇಕು. ಎಲ್ಲರೂ ಚೆನ್ನಾಗಿಯೇ ಹಾಕುತ್ತಿದ್ದರು. ಒಂದು ದಿನ ಒಂದು ಮನೆಯಲ್ಲಿ ನೋಡುತ್ತೇನೆ, ತಿಂಗಳಿಡೀ ಒಂದೇ ಶಾಯಿ, ಒಂದೇ ಓಟ. ನಾನು ಬರುವ ದಿನ ಬೆಳಿಗ್ಗೆ ಒಲೆ ಮುಂದೆ ಕೂತು ಮೂವತ್ತು ಟಿಕ್ ಎಳೆದಿದ್ದಳು. ಕೇಳಿದರೆ ಆ ತಾಯಿ ನಗುತ್ತಾ ಟೀ ತಂದುಕೊಟ್ಟಳು. ಅಂದಿನಿಂದ ಶಾಯಿ ನೋಡುವುದನ್ನು ಕಲಿತೆ. ದಿನಕ್ಕೊಂದು ಪೆನ್ನಿನ ಗುರುತಿದ್ದರೆ ಆ ಪುಸ್ತಕ ನಿಜ ಎಂದು ನಂಬುತ್ತಿದ್ದೆ. ಭಾರೀ ಪತ್ತೇದಾರಿಣಿ!

ಚನ್ನಗಿರಿಯಲ್ಲಿದ್ದಾಗಲೇ ಈ ಊಟದ ವಿಷಯ ಶುರುವಾಯಿತು. ಅಷ್ಟು ಹೊತ್ತಿಗೆ ಎಲ್ಲರ ಕೈಯಲ್ಲೂ ಫೋನು. ಬಜೆಯ ಜಾಗಕ್ಕೆ ಪುಡಿ, ಹನಿ, ಮಾತ್ರೆ ಬಂದವು. ಅಲ್ಲಿ ಮುಬೀನಾ ಎಂಬ ಹೆಣ್ಣುಮಗಳು, ಗಂಡ ಟೈಲರ್. ಅವರ ಮಗ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದ. ನಾನು ನನ್ನ ಚೀಲದಲ್ಲಿದ್ದ ವಿದ್ಯೆಯನ್ನೆಲ್ಲ ಸುರಿದೆ, ಏನೂ ಆಗಲಿಲ್ಲ. ಆಮೇಲೆ ಮಕ್ಕಳ ಡಾಕ್ಟರರೊಬ್ಬರು ಪರೀಕ್ಷೆ ಮಾಡಿ, ಇವನಿಗೆ ಹಾಲು ಜೀರ್ಣವಾಗುವುದಿಲ್ಲ, ಹೊಟ್ಟೆನೋವು ಹೇಳಲು ಬಾರದೆ ತಲೆ ಚಚ್ಚಿಕೊಳ್ಳುತ್ತಾನೆ ಎಂದರು. ಹಾಲು ನಿಲ್ಲಿಸಿದರು. ಎರಡು ವಾರದಲ್ಲಿ ತಲೆ ಚಚ್ಚುವುದು ನಿಂತಿತು. ಆಟಿಸಂ ಹೋಗಲಿಲ್ಲ, ಮಾತೂ ಬರಲಿಲ್ಲ, ಹೊಟ್ಟೆನೋವು ಹೋಯಿತು. ಆದರೆ ಕಣ್ಣಾರೆ ಕಂಡದ್ದಲ್ಲವೇ, ಹಾಲಿನಲ್ಲಿ ಏನೋ ಇದೆ ಎಂದು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು. ಅಲ್ಲಿಂದಲೇ ನನ್ನ ಗೊಂದಲ ಶುರು.

ಕೊನೆಗೆ ನ್ಯಾಮತಿ. ಅಲ್ಲಿ ನನ್ನ ಮೇಲೊಬ್ಬರು ಸಾಹೇಬರಿದ್ದರು. ಹೆಸರು ಬೇಡ, ಒಳ್ಳೆಯ ಮನುಷ್ಯರೇ. ಯಾವುದೋ ಭಾಷಣ ಕೇಳಿಕೊಂಡು ಬಂದು, ಹೊಟ್ಟೆಯೇ ಎರಡನೇ ಮೆದುಳು, ಹಾಲು ಗೋಧಿ ಬಿಟ್ಟರೆ ಇಂಥ ಮಕ್ಕಳು ಸುಧಾರಿಸುತ್ತಾರೆ, ಪೋಷಕರ ಸಭೆಯಲ್ಲಿ ಇದನ್ನು ಹೇಳಲೇಬೇಕು ಎಂದು ಅಪ್ಪಣೆ ಕೊಟ್ಟರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ. ನಾನು ಎದುರಾಡಬಹುದಿತ್ತು. ಮುಬೀನಾಳ ಮಗ ನೆನಪಿಗೆ ಬಂದ, ಸುಮ್ಮನಾದೆ. ಸಭೆಯಲ್ಲಿ ಎದ್ದು ನಿಂತು, ಹಾಲು ಗೋಧಿ ಬಿಡಿಸಿದ ಕೆಲವರಿಗೆ ಗುಣ ಕಂಡಿದೆಯಂತೆ ಎಂದೆ. ‘ಕೆಲವರಿಗೆ’ ಎಂದೆ, ‘ಅಂತೆ’ ಎಂದೆ. ಆದರೆ ಕೇಳುವವರಿಗೆ ಅವೆರಡೂ ಕೇಳಿಸಲಿಲ್ಲ.

ಸಭೆಯ ಹಿಂದಿನ ಸಾಲಲ್ಲಿ ರೇಣುಕ ನಿಂತಿದ್ದಳು. ಗೋವಿನಕೋವಿಯವಳು. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಬೆಳಿಗ್ಗೆ ಊರ ಮಕ್ಕಳಿಗೆಲ್ಲ ಹಾಲಿನ ಪುಡಿ ಕದಡಿ ಬಿಸಿ ಹಾಲು ಕೊಡುವುದು, ಆಮೇಲೆ ಅನ್ನ ಸಾಂಬಾರು, ಮನೆ ಸೇರುವುದು ಮೂರು ಗಂಟೆಗೆ. ಮಗಳು ಚೈತ್ರಾಳಿಗೆ ಆರು ವರ್ಷ, ಆಟಿಸಂ, ಮಾತಿಲ್ಲ. ಶಾಲೆಯ ಗದ್ದಲ ತಾಳುವುದಿಲ್ಲ ಎಂದು ಮನೆಯಲ್ಲೇ ಅಜ್ಜಿಯ ಹತ್ತಿರ ಇರುತ್ತಿದ್ದಳು. ಎರಡು ವರ್ಷದಿಂದ ನಾನು ವಾರಕ್ಕೊಮ್ಮೆ ಅಲ್ಲಿಗೆ ಹೋಗುತ್ತಿದ್ದೆ. ಅಷ್ಟು ಮಕ್ಕಳಿಗೆ ಉಣ್ಣಿಸುವ ತಾಯಿಯ ಮಗಳು ತಿನ್ನುತ್ತಿದ್ದದ್ದು ನಾಲ್ಕೇ ಪದಾರ್ಥ: ಹಾಲನ್ನ, ಮಂಡಕ್ಕಿ, ಬಿಸ್ಕತ್ತು, ಉಪ್ಪು ಸವರಿದ ನಿಂಬೆಹೋಳು. ನಿಂಬೆಹೋಳನ್ನು ಕಣ್ಣು ಮುಚ್ಚಿಕೊಂಡು ಚೀಪುತ್ತಿದ್ದಳು, ನೋಡಿದವರ ಹಲ್ಲು ಜುಂ ಎನ್ನಬೇಕು.

ಅಪ್ಪ ನಾಗರಾಜನದು ನ್ಯಾಮತಿಯಲ್ಲಿ ಪಂಪ್‌ಸೆಟ್ ಮೋಟರಿಗೆ ತಂತಿ ಸುತ್ತುವ ಅಂಗಡಿ. ಮಿತಮಾತಿನವನು. ನನ್ನ ಮಾತು ಕೇಳಿ ಬಂದ ರೇಣುಕ ಅದನ್ನು ಗಂಡನಿಗೆ ಹೇಳಿದಳು, ಅವನು ಫೋನಿನಲ್ಲಿ ಹುಡುಕಿದ. ಹುಡುಕಿದವರಿಗೆ ಏನು ತಾನೇ ಸಿಗುವುದಿಲ್ಲ? ಮರುವಾರ ನಾನು ಹೋಗುವಷ್ಟರಲ್ಲಿ ಹಾಲೂ ಇಲ್ಲ, ಬಿಸ್ಕತ್ತೂ ಇಲ್ಲ. ಮೇಡಂ ಹೇಳಿದ್ದಾರೆ ಎಂದು ಮನೆಯಲ್ಲಿ ಕಟ್ಟಪ್ಪಣೆಯಾಗಿತ್ತು. ನನಗೆ ಒಳಗೊಳಗೇ ಹೆದರಿಕೆಯಾಯಿತು. ಸ್ವಲ್ಪ ಹೆಮ್ಮೆಯೂ ಆಯಿತು, ಸುಳ್ಳು ಯಾಕೆ ಹೇಳಲಿ. ನೋಟ್‌ಬುಕ್ಕಿನಲ್ಲಿ ‘ಹಾಲು ಕೊಟ್ಟಿಲ್ಲ’, ‘ಗೋಧಿ ಕೊಟ್ಟಿಲ್ಲ’ ಎಂದು ಎರಡು ಕಾಲಂ ನಾನೇ ಎಳೆದುಕೊಟ್ಟೆ.

ಎರಡನೇ ತಿಂಗಳಲ್ಲಿ ಒಂದು ಮಧ್ಯಾಹ್ನ ರೇಣುಕ ಶಾಲೆಯಿಂದ ಬಂದು ಚಪ್ಪಲಿ ಬಿಡುತ್ತಿದ್ದಾಗ ಚೈತ್ರಾ ‘ಅವ್ವ’ ಎಂದಳಂತೆ. ಆರು ವರ್ಷದಲ್ಲಿ ಮೊದಲ ಸಲ. ಫೋನಿನಲ್ಲಿ ಅದನ್ನು ಹೇಳುತ್ತಾ ರೇಣುಕ ಅತ್ತಳು. ನಾನೂ ಅತ್ತೆ. ಸಾಹೇಬರಿಗೆ ಹೇಳಿದೆ, ಅವರು ಅದನ್ನು ಮುಂದಿನ ಎರಡು ಸಭೆಗಳಲ್ಲಿ ಹೇಳಿದರು.

ಇನ್ನು ಆ ಮನೆಯವರನ್ನು ಹಿಡಿಯುವವರು ಯಾರು? ಎರಡು ಬಿಟ್ಟಿದ್ದಕ್ಕೆ ಒಂದು ಮಾತು ಬಂದರೆ ನಾಲ್ಕು ಬಿಟ್ಟರೆ ಎಷ್ಟು ಬರಬೇಡ? ನಾಗರಾಜ ಫೋನಿನಲ್ಲಿ ಎರಡನೇ ಪಟ್ಟಿ ಕಂಡುಕೊಂಡ. ಹೊಟ್ಟೆಯಲ್ಲಿ ಬೂಷ್ಟು ಬೆಳೆಯುತ್ತದೆ, ಹಣ್ಣು, ಸಕ್ಕರೆ, ಹುಳಿ ಎಲ್ಲ ನಿಲ್ಲಿಸಿ ಎಂದು ಅದರಲ್ಲಿತ್ತಂತೆ. ನಿಂಬೆಹಣ್ಣು ಹೋಯಿತು. ಕೊರಿಯರ್‌ನಲ್ಲಿ ಪುಡಿಯ ಡಬ್ಬಿ ಬಂತು, ಮೈತುಂಬ ಇಂಗ್ಲಿಷು. ನನ್ನನ್ನು ಕೇಳಿದರು. ಡಾಕ್ಟರಿಗೆ ತೋರಿಸಿ ಎನ್ನಬೇಕಿತ್ತು. ಬಂದ ಮಾತು ಎಲ್ಲಿ ನಿಂತುಹೋದೀತೋ ಎಂಬ ಭಯ ನನಗೂ ಇತ್ತು. ‘ಹುಳಿ ಕೊಟ್ಟಿಲ್ಲ’ ಎಂದು ಮೂರನೇ ಕಾಲಂ ಎಳೆದೆ.

ಎರಡನೇ ಮಾತು ಬರಲಿಲ್ಲ. ನಾಲ್ಕು ತಿಂಗಳಾದ ಮೇಲೆ ಚೈತ್ರಾ ಹೊಸ್ತಿಲು ದಾಟುವುದಿಲ್ಲ ಎಂದು ಕೂತಳು. ಆಮೇಲೆ ನಿಲ್ಲುವುದನ್ನೂ ಬಿಟ್ಟಳು. ಕೂತಲ್ಲೇ ತೆವಳುತ್ತಿದ್ದಳು, ಎಬ್ಬಿಸಲು ಹೋದರೆ ಚೀರುತ್ತಿದ್ದಳು. ನಾನು ನನ್ನ ಫೈಲು ತೆಗೆದು ‘ನಡೆಯಲು ಹಠ’ ಎಂದು ಬರೆದೆ. ನಮ್ಮ ತರಬೇತಿಯಲ್ಲಿ ಒಂದು ಪಾಠವಿದೆ: ಹಠ ಮಾಡಿದಾಗ ಎತ್ತಿಕೊಂಡರೆ ಹಠ ಬೆಳೆಯುತ್ತದೆ. ಅದನ್ನೇ ರೇಣುಕಳಿಗೆ ಒಪ್ಪಿಸಿದೆ. ಎತ್ತಿಕೊಳ್ಳಬೇಡ, ತಾನಾಗಿ ಎದ್ದು ಬರಲಿ ಎಂದೆ. ‘ಎತ್ತಿಕೊಂಡಿಲ್ಲ’ ಎಂದು ನಾಲ್ಕನೇ ಕಾಲಂ.

ಆ ದಿನ ನಾನು ಅಲ್ಲೇ ಕೂತಿದ್ದೆ. ರೇಣುಕ ಒಲೆಯ ಹತ್ತಿರ. ಮಗು ನಡುಮನೆಯಿಂದ ಕುಂಡೆಯ ಮೇಲೆ ಎಳೆದುಕೊಂಡು ಬಂದು ತಾಯಿಯ ಸೀರೆ ಹಿಡಿದು, ಎರಡೂ ಕೈ ಮೇಲೆತ್ತಿತು. ರೇಣುಕ ನನ್ನ ಮುಖ ನೋಡಿದಳು. ನಾನು ಬೇಡ ಎಂದು ತಲೆಯಾಡಿಸಿದೆ. ಅವಳು ಒಲೆಯ ಕಡೆ ತಿರುಗಿಕೊಂಡಳು. ಇಷ್ಟು ವರ್ಷದ ಸರ್ವೀಸಿನಲ್ಲಿ ನಾನು ಮಾಡಿದ ಕೆಟ್ಟ ಕೆಲಸ ಯಾವುದು ಎಂದು ಯಾರಾದರೂ ಕೇಳಿದರೆ ಅದೇ, ಆ ತಲೆಯಾಡಿಸಿದ್ದು.

ನಾಗರಾಜನ ತಾಯಿ ಗಂಗಮ್ಮನವರು ನನ್ನ ಜೊತೆ ಹೆಚ್ಚು ಮಾತಾಡುತ್ತಿರಲಿಲ್ಲ. ಮುಂದಿನ ವಾರ ನಾನು ಚೀಲ ಇಳಿಸುವ ಮೊದಲೇ ಕೇಳಿದರು.

“ಟೀಚರಮ್ಮ, ಮಗೀನ ಬಾಯಿ ನೋಡೀರಾ?”

ನೋಡಿರಲಿಲ್ಲ. ಮಾತು ಬರಲಿ ಎಂದು ವರ್ಷಗಟ್ಟಲೆ ಆ ಬಾಯಿಯ ಮುಂದೆ ಕೂತವಳು, ಒಂದು ದಿನವೂ ಅದನ್ನು ತೆರೆದು ನೋಡಿರಲಿಲ್ಲ. ಅಜ್ಜಿ ಹಲ್ಲುಪುಡಿ ಹಾಕಿ ಉಜ್ಜಲು ಹೋದರೆ ಬೆರಳೆಲ್ಲ ರಕ್ತವಂತೆ. ತುಟಿ ಸರಿಸಿದರು. ಒಸಡು ಊದಿಕೊಂಡು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಲಂಗ ಎತ್ತಿದರೆ ಮೊಣಕಾಲ ಕೆಳಗೆ ಹೊಡೆತ ಬಿದ್ದಂತೆ ಕಪ್ಪು ಕಲೆ. ಅವತ್ತೇ ಕಾರು ಮಾಡಿಸಿಕೊಂಡು ಎಲ್ಲರೂ ದಾವಣಗೆರೆಗೆ ಹೊರಟೆವು. ದಾರಿಯುದ್ದಕ್ಕೂ ಒಂದೊಂದು ರೋಡ್ ಹಂಪ್‌ಗೂ ಮಗು ಚೀರುತ್ತಿತ್ತು.

ಆಸ್ಪತ್ರೆಯ ಡಾಕ್ಟರಮ್ಮ ರಕ್ತ, ಎಕ್ಸ್‌ರೇ ಎಲ್ಲ ಮಾಡಿಸಿದರು. ಆಮೇಲೆ ನಮ್ಮನ್ನು ಎದುರಿಗೆ ಕೂರಿಸಿಕೊಂಡು, ಮಗುವಿಗೆ ಸಿ ವಿಟಮಿನ್ ಇಲ್ಲವೇ ಇಲ್ಲ, ಅದಿಲ್ಲದೆ ಮೂಳೆಯ ಹತ್ತಿರ ಒಳಗೊಳಗೇ ರಕ್ತ ಒಸರುತ್ತದೆ, ಕಾಲು ಊರಿದರೆ ಜೀವ ಹೋಗುವಷ್ಟು ನೋವು ಎಂದರು. ಡಬ್ಬಿಯನ್ನು ತಿರುಗಿಸಿ ಓದಿದರು. ಇಪ್ಪತ್ತು ಹೆಸರಿತ್ತು, ಬೇಕಾದ ಒಂದು ಇರಲಿಲ್ಲ. ನಾನು ಫೈಲನ್ನು ಸೆರಗಿನ ಕೆಳಗೆ ಇಟ್ಟುಕೊಂಡೆ.

ರೇಣುಕ ನೋಟ್‌ಬುಕ್ ಮುಂದಿಟ್ಟಳು. ಪುಸ್ತಕ ಆಮೇಲೆ ನೋಡ್ತೀನಿ, ಒಂದು ಚಮಚ ಕೊಟ್ಟಿದ್ದರೂ ಬಾಯಿಬಿಟ್ಟು ಹೇಳಿ, ಸುಳ್ಳಿನ ಮೇಲೆ ಔಷಧಿ ಕೊಡೋಕಾಗಲ್ಲ ಎಂದರು ಡಾಕ್ಟರಮ್ಮ.

“ಮಜ್ಜಿಗೆ” ಎಂದರು ಗಂಗಮ್ಮನವರು.

ರೇಣುಕ ತಿರುಗಿ ನೋಡಿದಳು. “ಯಾವಾಗಿಂದ ಅತ್ತೆ?”

“ನೀನು ಹಾಲು ಬಿಡಿಸಿದ ದಿನದಿಂದ. ಮಧ್ಯಾಹ್ನ ನೀನು ಬರಾಕೆ ಮುಂಚೆ ಮಜ್ಜಿಗೆ ಅನ್ನ ಕಲಸಿ ಉಣಿಸ್ತಿದ್ದೆ. ಮಗೀಗೆ ಬರೀ ಅನ್ನ ಹೆಂಗೆ ಹಾಕ್ಲಿ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾಗರಾಜನ ಕೈ ಅಂಗಿಯ ಜೇಬಿಗೆ ಹೋಗಿತ್ತು. ಹೆಂಡತಿ ಅದನ್ನೂ ನೋಡಿದಳು. ಮಗಳು ಕಾಲೂರದೆ ಕೂತುಬಿಡುವ ತನಕ ದಿನಾ ಸಂಜೆ ಅವಳನ್ನು ಬೈಕಿನ ಮುಂದೆ ಕೂರಿಸಿಕೊಂಡು ಹೊಳೆಯ ಕಡೆ ಒಂದು ಸುತ್ತು ಹೋಗುತ್ತಿದ್ದ. ಹೋದಾಗಲೆಲ್ಲ ಆ ಜೇಬಿನಿಂದ ಎರಡು ಬಿಸ್ಕತ್ತು. ಪಟ್ಟಿ ಹುಡುಕಿದವನೂ ಅವನೇ, ಡಬ್ಬಿ ತರಿಸಿದವನೂ ಅವನೇ. ಹೇಳೋದು ಶಾಸ್ತ್ರ, ತಿನ್ನೋದು ಬದನೇಕಾಯಿ.

ಹಾಗಾದರೆ ಹಾಲೂ ನಿಂತಿರಲಿಲ್ಲ, ಗೋಧಿಯೂ ನಿಂತಿರಲಿಲ್ಲ. ನಿಂಬೆಹಣ್ಣು ಯಾರಾದರೂ ಕೊಟ್ಟಿರಾ ಎಂದರು ಡಾಕ್ಟರಮ್ಮ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಕೊಟ್ಟಿರಲಿಲ್ಲ. ನಿಂಬೆಹೋಳು ಊಟವೇ, ತಿಂಡಿಯೇ, ಅದಿಲ್ಲದಿದ್ದರೆ ಮಗು ಹಸಿದೀತೇ? ಇಡೀ ಪಟ್ಟಿಯಲ್ಲಿ ಅದನ್ನೊಂದೇ ಯಾರೂ ಕದ್ದು ಕೊಡಲಿಲ್ಲ. ಮನೆಮಂದಿಯೆಲ್ಲ ಚಾಚೂ ತಪ್ಪದೆ ಪಾಲಿಸಿದ್ದು ಅದೊಂದೇ.

ನಾಗರಾಜ ತಲೆ ತಗ್ಗಿಸಿ ಕೂತಿದ್ದ. “ಮೋಟರ್ ಆಗಿದ್ರೆ ನಾನು ಹಿಂಗೆ ಮಾಡ್ತಿರ್ಲಿಲ್ಲ ಮೇಡಂ” ಎಂದ. “ಒಂದೊಂದೇ ಬಿಚ್ಚಿ, ನೋಡಿ, ಇನ್ನೊಂದಕ್ಕೆ ಕೈ ಹಾಕ್ತಿದ್ದೆ.”

ಡಾಕ್ಟರಮ್ಮ ಬೈಯಲಿಲ್ಲ. ಮುಂದೆ ಏನಾದರೂ ಬಿಡಿಸಬೇಕು ಅನ್ನಿಸಿದರೆ ಒಂದೊಂದೇ, ಅದೂ ನನಗೆ ತೋರಿಸಿ ಎಂದರು. ರೇಣುಕಳಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. ಅವಳು ಬೇರೆಲ್ಲೋ ಇದ್ದಳು. ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ನನ್ನನ್ನು ಕೇಳಿದಳು.

“ಮೇಡಂ, ಹಾಲು ಬಿಟ್ಟೇ ಇರ್ಲಿಲ್ಲ ಅಂದ್ರೆ, ಅವಳು ಅವ್ವ ಅಂದಿದ್ದು ಯಾಕೆ?”

ನಾನು ತರಬೇತಿಗಳನ್ನೆಲ್ಲ ನೆನಪು ಮಾಡಿಕೊಂಡೆ. ಮಣಿ, ಕಾರ್ಡು, ಚೆಂಡು, ಸಾಹೇಬರ ಎರಡನೇ ಮೆದುಳು. ಗಂಗಮ್ಮನವರು ಸೊಸೆಯ ಮುಖವನ್ನೇ ನೋಡುತ್ತಿದ್ದರು.

“ಅವ್ವ ಅಂತ ಯಾಕಂತಾರೆ ಕಣೆ? ಕರಿಯಾಕೆ” ಎಂದರು.

ರೇಣುಕ ಅತ್ತೆಯ ತೋಳಿಗೆ ಹಣೆ ಕೊಟ್ಟು ಅತ್ತಳು. ಮಜ್ಜಿಗೆಯ ವಿಷಯಕ್ಕೆ ಜಗಳವಾಗುತ್ತದೆ ಎಂದು ನಾನು ಹೆದರಿದ್ದೆ. ಆಗಲಿಲ್ಲ.

ಔಷಧಿ ಶುರುವಾದ ವಾರದೊಳಗೆ ಚೈತ್ರಾಳ ಚೀರಾಟ ನಿಂತಿತು, ತಿಂಗಳೊಳಗೆ ಗೋಡೆ ಹಿಡಿದು ನಡೆದಳು. ಮತ್ತೆ ಅವ್ವ ಅಂದಳೇ? ಆಗೊಮ್ಮೆ ಈಗೊಮ್ಮೆ. ಯಾವ ದಿನ ಅನ್ನುತ್ತಾಳೆ, ಯಾಕೆ ಅನ್ನುತ್ತಾಳೆ, ನನಗೆ ಇವತ್ತಿಗೂ ತಿಳಿಯದು. ಮುಬೀನಾಳ ಮಗನಿಗೆ ಹಾಲು ಬಿಡಿಸಿದ್ದು ಒಳ್ಳೆಯದಾಯಿತು, ಅದೂ ನಿಜ. ಇವೆರಡನ್ನೂ ಒಂದು ಕಡೆ ಇಟ್ಟು ನೋಡಿದರೆ ತಲೆ ಕೆಡುತ್ತದೆ. ಹೊಸದಾಗಿ ಬಂದವರಿಗೆ ನಾನು ಹೇಳಬಲ್ಲದ್ದು ಇಷ್ಟೇ. ಊಟದ ವಿಷಯ ಯಾರಾದರೂ ಕೇಳಿದರೆ ಗೊತ್ತಿಲ್ಲ ಎನ್ನಿ, ಡಾಕ್ಟರ ಹತ್ತಿರ ಕಳಿಸಿ. ತಾಯಿ ಮನೆಯಲ್ಲಿಲ್ಲದ ಹೊತ್ತಿನಲ್ಲಿ ಯಾರು ಉಣ್ಣಿಸುತ್ತಾರೋ, ಏನು ಉಣ್ಣಿಸಿದಿರಿ ಎಂದು ಅವರನ್ನೇ ಕೇಳಿ, ಬೈಯದೆ ಕೇಳಿ. ಹಠ ಎಂದು ಬರೆಯುವ ಮೊದಲು ಮಗುವಿನ ಬಾಯಿ ನೋಡಿ, ಕಾಲು ನೋಡಿ. ನಾನು ಬರೆದ ಆ ಪದಕ್ಕೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ‘ನೋವಿತ್ತು’ ಎಂದು ಬರೆದಿದ್ದೇನೆ. ಫೈಲು ಆಫೀಸಿನಲ್ಲೇ ಇದೆ, ತೆಗೆದು ನೋಡಬಹುದು.

ನಿವೃತ್ತಿಗೆ ಮುಂಚೆ ಕೊನೆಯ ಸಲ ಗೋವಿನಕೋವಿಗೆ ಹೋದೆ. ಚೈತ್ರಾ ಹೊಸ್ತಿಲ ಮೇಲೆ ಕಾಲು ಇಳಿಬಿಟ್ಟು ನಿಂಬೆಹೋಳು ಚೀಪುತ್ತಿದ್ದಳು. ಒಳಗೆ ಕೂತು ರೇಣುಕಳಿಗೆ ಹೇಳಬೇಕಾದ್ದನ್ನು ಹೇಳಿದೆ. ತಪ್ಪಾಯಿತು, ಅಷ್ಟು ನೋವಿದ್ದ ಮಗುವನ್ನು ಎತ್ತಬೇಡ ಎಂದು ತಾಯಿಗೆ ಹೇಳಿದೆ, ಅದು ನನ್ನ ಎದೆಯಲ್ಲಿ ಕೂತುಬಿಟ್ಟಿದೆ ಎಂದೆ. ಅವಳು ನೆಲ ನೋಡುತ್ತಾ ಸೆರಗಿನ ತುದಿ ಸುತ್ತಿದಳು.

“ಎತ್ಕೊಂತಿದ್ದೆ ಮೇಡಂ.”

ನೋಟ್‌ಬುಕ್ಕಿನಲ್ಲಿ ದಿನಾ ಟಿಕ್ ಇತ್ತಲ್ಲ, ದಿನಕ್ಕೊಂದು ಪೆನ್ನಿನಲ್ಲಿ ಇತ್ತಲ್ಲ ಎಂದೆ.

“ಟಿಕ್ ಹಾಕ್ತಿದ್ದೆ” ಎಂದಳು. “ನಿಮ್ಮ ಬಸ್ಸು ಹೋಗೋ ತನಕ ಎತ್ತಿರ್ಲಿಲ್ಲ, ಅಷ್ಟೇ.”